ಅವಳಿಗೆ ತಿಳಿಯದ ಭಾಷೆ

2024ರ ಆಗಸ್ಟ್ 11, ಬೆಳಿಗ್ಗೆ ಹತ್ತೂಕಾಲು. ಹೆಣ್ಣಿಗೆ ಹೆಣ್ಣೇ ಸಂಗಾತಿಯಾದ ಮನೆಗಳಲ್ಲಿನ ಹಿಂಸೆಯನ್ನು ಅಧ್ಯಯನ ಮಾಡುತ್ತಿದ್ದ ಪದ್ಮಪ್ರಿಯಾ ಫೋನಿನಲ್ಲಿ ಮೊದಲು ಕೇಳಿದ್ದು, “ಹತ್ತಿರ ಯಾರಾದರೂ ಇದ್ದಾರಾ?”

“ಶೋಭನಾ ಅಡುಗೆಮನೇಲಿದಾಳೆ ಅಕ್ಕ. ಪರವಾಗಿಲ್ಲ, ತಮಿಳಿನವಳು, ಅವಳಿಗೆ ನಮ್ಮ ಕನ್ನಡ ಒಂದಕ್ಷರ ತಿಳಿಯಲ್ಲ.” ಅಮ್ಮನ ಜೊತೆ ಹರಟುವವಳಂತೆ ನಗುನಗುತ್ತಲೇ ಗೋಪಿಕಾ ತನ್ನ ಬೆನ್ನ ಮೇಲೆ ಸಂಗಾತಿ ಶೋಭನಾ ಮಾಡಿದ ಸುಟ್ಟ ಗಾಯದ ಬಗ್ಗೆ ಹೇಳಿದಳು. ಬುಧವಾರ ಮನೆ ಬಿಟ್ಟು ಓಡಿಹೋಗುವುದನ್ನೂ ಹೇಳಿದಳು.

ಮಿಕ್ಸಿಯ ಸದ್ದು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. ಶೋಭನಾ ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದಿದ್ದಳು.

“ಯಾವ ಬುಧವಾರ, ಕಣ್ಣಮ್ಮಾ?” ಎಂದು ಕನ್ನಡದಲ್ಲೇ ಮೆಲ್ಲಗೆ ಕೇಳಿದಳು. “ದಿನಾ ಅಮ್ಮನ ಹತ್ರ ಮಾತಾಡ್ತೀಯಲ್ಲ, ಕೇಳಿ ಕೇಳಿ ಕಲಿತೆ.”

“ಗೋಪಿಕಾ, ಈಗಲೇ ಹೊರಗೆ ಹೋಗು,” ಎಂದಿತು ಫೋನು.

ಹೊರಬಾಗಿಲು ಗೋಪಿಕಾಳಿಂದ ಹನ್ನೆರಡು ಅಡಿ ದೂರವಿತ್ತು, ಶೋಭನಾಳಿಂದ ನಾಲ್ಕು ಅಡಿ.