ಮೇಷ್ಟ್ರ ಡಿಸ್ಕು

ಕಣ್ಣು ಕಾಣದ ದೇವಯ್ಯ ಮೇಷ್ಟ್ರಿಗೆ ಲೋಕವನ್ನೆಲ್ಲ ಓದಿ ಹೇಳುತ್ತಿದ್ದುದು ಅವರ ಮಾತಾಡುವ ಕಂಪ್ಯೂಟರ್. ನಾಳೆ ಅದಕ್ಕೆ ಹೊಸ ಸಿಸ್ಟಮ್ ಹಾಕಬೇಕು. ಮೊದಲು ಡಿಸ್ಕಿನ ಕಸ ತೆಗೆಯದಿದ್ದರೆ ನಡುವೆಯೇ ಕೆಟ್ಟು ನಿಂತು ಮೂಕವಾಗಿಬಿಡುತ್ತದೆಂದು ಎಲ್ಲರೂ ಹೆದರಿಸಿದ್ದರು. "ಡಿಸ್ಕ್ ತೊಂದ್ರೆ ಕಣಮ್ಮ, ಬಲ್ಲವರಿದ್ರೆ ಕಳ್ಸು" ಎಂದು ಪಕ್ಕದ ಮನೆಯ ಗೌರಮ್ಮನಿಗೆ ಹೇಳಿದ್ದೇ ತಡ, ಸಂಜೆಗೆ ಒಬ್ಬ ಬಂದೇಬಿಟ್ಟ.

"ಯಾವತ್ತಿಂದ ಸಾರ್?"

"ಹೋದ ದಸರೆಯಿಂದ ಕಣಪ್ಪ. ಬೆಳಿಗ್ಗೆ ಎದ್ದೇಳೋಷ್ಟರಲ್ಲಿ ನನ್ನ ಕಾಫಿ, ತಿಂಡಿ ಎರಡೂ ಮುಗಿದಿರುತ್ತೆ."

ಬಂದವನು ಕೇಳಿದ. "ಸದ್ದು ಬರುತ್ತಾ?"

"ಒಳಗೆ ಕಟಕಟ ಅನ್ನುತ್ತೆ."

"ದಿನಾ ಸರಿಯಾಗಿ ಖಾಲಿ ಆಗ್ತಿದೆ ತಾನೇ?"

"ಎಲ್ಲಿ ಬಂತು! ಅವತ್ತಿಂದ ತುಂಬ್ಕೊಂಡೇ ಕೂತಿದೆ."

"ಅಯ್ಯೋ ಶಿವನೇ!"

"ನಾಳೆ ಹೇಗೂ ಹೊಸದು ಹಾಕಿಸ್ತೀನಿ..."

"ಹೊಸದ್ಯಾಕೆ ಸಾರ್? ಹಳೇದನ್ನೇ ಓಡೋ ಹಾಗೆ ಮಾಡ್ಕೊಡ್ತೀನಿ."

ಇವನಪ್ಪ ಕೆಲಸಗಾರ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮೇಜು ತಡವಿ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು.

"ಅದನ್ನ ಆಚೆ ಇಡಿ ಸಾರ್," ಎಂದ ಅವನು. "ಅಂಗಿ ಬಿಚ್ಚಿ ಬೋರಲು ಮಲ್ಕೊಳ್ಳಿ, ಬೆನ್ನಿಗೆ ಹಚ್ಚೋ ಎಣ್ಣೆ ಆರೋಗುತ್ತೆ."