ತೊಟ್ಟಿಲಿನ ಎತ್ತರ

"ತೊಟ್ಟಿಲು ಎಷ್ಟೆತ್ತರ ಇರ್ತಿತ್ತಪ್ಪಾ?"

ಬಡಗಿ ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಅವನೊಬ್ಬನೇ ನಿಂತಿದ್ದ. ಗೋಡೆಗೊರಗಿದ್ದ ಊರುಗೋಲುಗಳು, ಮಂಚಕ್ಕೆ ಕೂಡಿಸುವ ಹಿಡಿಕಂಬಿಗಳು, ಗಾಲಿಕುರ್ಚಿಯ ಮುಂದೆ ಇಡುವ ಊಟದ ಮೇಜುಗಳು ಸುಮ್ಮನೆ ಕೇಳಿಸಿಕೊಂಡವು. ಹನ್ನೊಂದು ವರ್ಷದಿಂದ ಆ ಬೀದಿ ಕೇಳಿದ್ದೂ ಇವನ್ನೇ, ಅವನು ಮಾಡಿದ್ದೂ ಇವನ್ನೇ. ತೊಟ್ಟಿಲಿಗೆಂದು ಗುರುತು ಹಾಕಿಟ್ಟಿದ್ದ ಅಳತೆಕೋಲಿಗೂ ಒಂದು ಹಿಡಿ ಕೂಡಿಸಿ ಯಾರಿಗೋ ಊರುಗೋಲು ಮಾಡಿ ಕೊಟ್ಟಾಗಿತ್ತು.

ಅರ್ಧ ಗಂಟೆಯ ಹಿಂದೆ ನಿವೃತ್ತ ರೈಲ್ವೆ ಗಾರ್ಡು, ತನ್ನ ತೊಂಬತ್ತರ ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು, ಓಡಿದಂತೆಯೇ ಬಂದಿದ್ದ. ಅವನಿಗೊಬ್ಬನೇ ಮಗ. ಸೊಸೆಯೂ ಅವಳ ತಂದೆತಾಯಿಗೆ ಒಬ್ಬಳೇ. ಮದುವೆಯಾಗಿ ಹದಿಮೂರು ವರ್ಷ. ವಿಶೇಷವೇನಾದರೂ ಉಂಟೇ ಎಂದು ಕೇಳುವುದನ್ನು ಎರಡೂ ಮನೆಯವರು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಹೆಣ್ಣುಮಗು. ನಾಳೆ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಮನೆಗೆ. ಮೊದಲೇ ತೊಟ್ಟಿಲು ಮಾಡಿಸಿಡಲು ಯಾರಿಗೂ ಧೈರ್ಯ ಬಂದಿರಲಿಲ್ಲ.

"ನನ್ನ ಕಾಲದಲ್ಲಿ ಗಾಡಿ ತಡ ಆದದ್ದುಂಟು ಕಣಯ್ಯಾ. ಈ ತೊಟ್ಟಿಲು ತಡ ಆಗಬಾರದು," ಎಂದು ಗಾರ್ಡು ಜೇಬಿನಲ್ಲಿಲ್ಲದ ಸೀಟಿಗಾಗಿ ತಡಕಿದ.

ಅಜ್ಜಿ ಕೇಳಿದ್ದು ಒಂದೇ ಮಾತು. "ನಾನೂ ಒಂದ್ಸಲ ತೂಗಲೇನೋ?"

"ಸುಮ್ನಿರಮ್ಮಾ. ಲೋಟ ಹಿಡಿದ್ರೆ ಅರ್ಧ ನೀರು ಮಡಿಲಿಗೆ. ಆ ಕೈಯಲ್ಲಿ ಮಗೂನ ತೂಗ್ತೀಯಾ?" ಎಂದು ಮಗ ನಕ್ಕ. ಅಜ್ಜಿ ನಡುಗುವ ಕೈಗಳನ್ನು ಒಂದರ ಕೆಳಗೊಂದು ಅಡಗಿಸಿಟ್ಟುಕೊಂಡಳು. ಬಡಗಿ ಅದನ್ನು ನೋಡಿದ. ಆದರೆ ಆಗಲೇ ಅವನ ತಲೆಯೊಳಗೆ ಮರ ಕುಯ್ಯುವ ಸದ್ದು ಶುರುವಾಗಿತ್ತು.

ಈಗ ನೋಡಿದರೆ ಎತ್ತರವೇ ನೆನಪಿಲ್ಲ. ಒಳಗಿನಿಂದ ಬಂದ ಹೆಂಡತಿಗೆ ಹೇಳಿದರೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಮರೆತಿದ್ದು ನಿಮಗೆ. ಕೈಗೆ ಮರೆತಿರತ್ತೇನ್ರೀ? ಕೈಗೆ ಬಿಟ್ಟುಬಿಡಿ."

ಬಿಟ್ಟ. ಬಾಯಿಪಾಠದ ಪದ್ಯಕ್ಕೆ ಮೊದಲ ಪದ ಸಿಕ್ಕರೆ ಸಾಕು, ಮಿಕ್ಕ ಸಾಲು ತಾನೇ ಹರಿದು ಬರುತ್ತದೆ. ಗರಗಸದ ಮೊದಲ ಎಳೆತಕ್ಕೆ ಅವನ ಕೈಗೂ ಹಾಗೇ ಆಯಿತು. ಕಂಬ ನಿಂತಿತು, ಕಂಬದ ನಡುವೆ ಪೆಟ್ಟಿಗೆ ತೂಗಿತು, ಪೆಟ್ಟಿಗೆಯ ಸುತ್ತ ಕಡ್ಡಿಗಳು ಸಾಲುಗಟ್ಟಿದವು. ಹೆಂಡತಿ ಉಪ್ಪುಕಾಗದ ಹಿಡಿದು ಅಂಚನ್ನೆಲ್ಲ ಉಜ್ಜಿದಳು. ಉಜ್ಜಿದಲ್ಲೆಲ್ಲ ತನ್ನ ಕೆನ್ನೆ ಒತ್ತಿ ನೋಡಿ, ಇಲ್ಲಿನ್ನೂ ಚುಚ್ಚುತ್ತದೆ ಎಂದು ಮತ್ತೆ ಉಜ್ಜಿದಳು. ಸುದ್ದಿ ತಿಳಿದು ಬೀದಿಗೆ ಬೀದಿಯೇ ಊರುಗೋಲು ಊರಿಕೊಂಡು ಬಂತು. ಎಲ್ಲ ಅವನೇ ಮಾಡಿಕೊಟ್ಟ ಊರುಗೋಲುಗಳು. ಎಲ್ಲರ ಬಾಯಲ್ಲೂ ಒಂದೊಂದು ಸಲಹೆ. ಔಷಧದಂಗಡಿಯವಳಂತೂ ಮಗುವಿನ ಪೌಡರು ಕೊನೆಯ ಸಲ ಯಾವಾಗ ಮಾರಿದ್ದೆನೋ ಎಂದು ಬೆರಳು ಮಡಿಸುತ್ತ, ಲೆಕ್ಕ ಸಿಗದೆ, ತಾನೇ ನಗುತ್ತ ಹೋದಳು. ಹೊತ್ತು ಮುಳುಗುವುದಕ್ಕೆ ಮೊದಲೇ ತೊಟ್ಟಿಲು ಸಿದ್ಧವಾಯಿತು.

ಮರುದಿನ ಗಾರ್ಡಿನ ಮನೆಯ ನಡುಕೋಣೆಯಲ್ಲಿ ತೊಟ್ಟಿಲು ಇಟ್ಟಾಗ ಹತ್ತಕ್ಕೆ ಐದು ನಿಮಿಷವಿತ್ತು. ಮಗು ಅಳುತ್ತಲೇ ಬಂತು. ಸೊಸೆ ಅದನ್ನು ಮಲಗಿಸಿ, ಸುಸ್ತಾಗಿ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡು ಕಡೆಯ ಅಜ್ಜ ಅಜ್ಜಿಯರು ನಾಲ್ವರೂ ಒಟ್ಟಿಗೆ ಬಗ್ಗಿದರು, ಒಟ್ಟಿಗೆ ಅರ್ಧದಲ್ಲಿ ನಿಂತರು. ಒಬ್ಬರಿಗೆ ಮಂಡಿ, ಒಬ್ಬರಿಗೆ ಬೆನ್ನು. ಗಾರ್ಡಿನ ಸೊಂಟಕ್ಕಂತೂ ಬಿಗಿದ ಪಟ್ಟಿ. ತೊಟ್ಟಿಲು ಅವರ ಕೈಗೆ ಸಿಗದಷ್ಟು ಕೆಳಗಿತ್ತು.

"ಇದೇನಯ್ಯಾ ಇದು, ನೆಲಕ್ಕೇ ಕೂತಿದೆ? ಬಗ್ಗಿದೋರನ್ನ ಮೇಲೆತ್ತೋಕೆ ಇನ್ನೊಂದು ಯಂತ್ರ ಮಾಡ್ಕೊಡ್ತೀಯಾ?" ಎಂದ ಗಾರ್ಡು.

ಬಡಗಿ ಅಳತೆಪಟ್ಟಿ ಇಟ್ಟು ನೋಡಿದ. ಅಂಚಿನವರೆಗೆ ಎರಡೂಕಾಲು ಅಡಿ. ಗಾಲಿಕುರ್ಚಿಯ ಊಟದ ಮೇಜಿನ ಎತ್ತರ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಒಂದೇ ಮಟ್ಟಿನ ಎರಡು ಪದ್ಯ ಬಲ್ಲವನ ಬಾಯಿ, ಅರಿವಿಗೆ ಬಾರದೆ ಒಂದರಿಂದ ಇನ್ನೊಂದಕ್ಕೆ ಜಾರುವಂತೆ, ಹನ್ನೊಂದು ವರ್ಷದ ಕೈ ಜಾರಿಬಿಟ್ಟಿತ್ತು. ಅವನ ಮುಖ ಇಳಿದುಹೋಯಿತು. ಒಂದೇ ಒಂದು ಗಂಟೆ ಕೊಡಿ, ಕಾಲು ಕೂಡಿಸಿ ಎತ್ತರಿಸಿ ತರುತ್ತೇನೆ ಎಂದು ಅವನು ಬೇಡಿಕೊಳ್ಳುತ್ತಿದ್ದ. ನಾಲ್ವರೂ ಒಮ್ಮೆಲೇ ಮಾತಾಡುತ್ತಿದ್ದರು.

ಮಗು ಅಳು ನಿಲ್ಲಿಸಿದ್ದು ಮೊದಲು ಗೊತ್ತಾದದ್ದು ಸೊಸೆಗೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.

ಮೂಲೆಯಲ್ಲಿದ್ದ ಗಾಲಿಕುರ್ಚಿ ಯಾರೂ ತಳ್ಳದೆಯೇ ತೊಟ್ಟಿಲ ಪಕ್ಕಕ್ಕೆ ಬಂದಿತ್ತು. ಕುರ್ಚಿಯ ಕೈ, ತೊಟ್ಟಿಲ ಅಂಚು ಎರಡೂ ಒಂದೇ ಮಟ್ಟಕ್ಕೆ ಕೂಡಿದ್ದವು. ಅಂಚಿನ ಮೇಲೆ ತೊಂಬತ್ತರ ಅಜ್ಜಿಯ ಕೈ. ಅವಳು ತೂಗುತ್ತಿರಲಿಲ್ಲ. ಕೈ ಎಂದಿನಂತೆ ನಡುಗುತ್ತಿತ್ತು, ಅಷ್ಟೆ. ಆ ನಡುಕವೇ ಮರಕ್ಕಿಳಿದು, ತೊಟ್ಟಿಲು ಅತ್ತಿತ್ತ ಬೆರಳಗಲ ಆಡುತ್ತಿತ್ತು. ಮಗು ಬಾಯಿ ತೆರೆದುಕೊಂಡು ನಿದ್ದೆಹೋಗಿತ್ತು.

ಗಾರ್ಡು ಪಿಸುಗುಟ್ಟಿದ. "ಅಮ್ಮಾ, ಒಂದೇ ಗಂಟೆ. ಮಗೂನ ಎತ್ಕೋತೀವಿ, ಇವನು ಎತ್ತರ ಮಾಡಿ ತಂದುಬಿಡ್ತಾನೆ. ಸ್ವಲ್ಪ ಕೈ ತೆಗಿ."

ಅಜ್ಜಿ ಮಗುವಿನ ಮೇಲಿಂದ ಕಣ್ಣೆತ್ತಲಿಲ್ಲ.

"ತೆಗೆಯಲ್ಲ, ಹೋಗೋ."