ಕೆಮ್ಮು ನುಂಗಿದ ವೈವಾ

ಓದಿದವರ ವಿಷಯ ನಾನು ಹೇಳಬಾರದೇನೋ, ಮನ್ನಿಸಿ. ಕ್ಯಾಂಪಸ್ಸಿನಲ್ಲಿ ಜ್ವರ, ಕೆಮ್ಮು ಹಬ್ಬಿ ಮಹಾನಂದಾಳ ಪಿಎಚ್‌.ಡಿ. ವೈವಾ ಎರಡು ಸಲ ಮುಂದೆ ಹೋಗಿತ್ತು. ಕಾಯ್ದು ಕಾಯ್ದು ಅವಳಿಗೆ ಸಾಕಾಗಿತ್ತು. ಈ ಸಲ ಕೆಮ್ಮು ಅವಳಿಗೇ ಬಂತು.

“ಕೆಮ್ಮಿದಿ ಅಂದ್ರ ಮತ್ತ ಮುಂದ ಹಾಕ್ತಾರವಾ,” ಎಂದರು ಅವಳ ಗೈಡ್. “ಬಾಯಾಗ ಲವಂಗ ಇಟ್ಕೊ.”

“ಮಾತಾಡೋದು ಹ್ಯಾಂಗ್ರೀ ಸರ್?”

“ಕಮ್ಮಿ ಮಾತಾಡು.”

ವೈವಾದ ದಿನ ಪರವೂರಿನಿಂದ ಬಂದಿದ್ದ ಪರೀಕ್ಷಕರು ಮಾಸ್ಕ್ ತೆಗೆಯದೆ ಒಂದೇ ಪ್ರಶ್ನೆ ಕೇಳಿ, ಉತ್ತರ ಮುಗಿಯುವ ಮೊದಲೇ ಎದ್ದುಬಿಟ್ಟರು. ಇಷ್ಟು ವರ್ಷದ ಕೆಲಸ ಅವರಿಗೆ ಹಿಡಿಸಲಿಲ್ಲವೆಂದು ಅವಳು ತಿಳಿದಳು.

ಬಾಗಿಲಲ್ಲಿ ನಿಂತು ಅವರು ಗೊಗ್ಗರು ದನಿಯಲ್ಲಿ ಹೇಳಿದರು: “ಪಾಸಾದೆ, ಹೋಗಮ್ಮ. ನಿನ್ನೆಯಿಂದ ನಂಗೇ ಜ್ವರ, ಕೆಮ್ಮು. ಹೇಳಿದ್ರೆ ನಿನ್ನ ವೈವಾ ಮತ್ತೆ ಮುಂದೆ ಹೋಗ್ತಿತ್ತು.”

ಇಬ್ಬರ ನಡುವೆ ಕೂತಿದ್ದ ಗೈಡ್ ಆ ವಾರವೇ ಹಾಸಿಗೆ ಹಿಡಿದರು. ಯಾರಿಂದ ಅಂಟಿತೋ ಗೊತ್ತಿಲ್ಲ.